ಅರವತ್ತೆರಡು ಕಂಪ್ಯೂಟರಿಗೆ ಒಂದೇ ಅಚ್ಚು: ಆಫೀಸ್ ಹಂಚಿದ ಕಥೆ, ಹಂಚುವ ಬಗೆ

ಮಂಡ್ಯದ ಒಂದು ಸಹಕಾರ ಸಂಸ್ಥೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನೊಬ್ಬಳೇ. ಜೊತೆಗೆ ಒಬ್ಬ ಟ್ರೈನಿ ಹುಡುಗ ಇದ್ದಾನೆ, ಅವನೂ ಅರ್ಧ ದಿನ ಪ್ರಿಂಟರ್ ಹಿಂದೆ ಇರುತ್ತಾನೆ. ಹೆಡ್ ಆಫೀಸಿನಲ್ಲಿ 34 ಕಂಪ್ಯೂಟರ್. ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ಶಾಖೆಗಳಲ್ಲಿ ಸೇರಿ 28.

2025ರ ಅಕ್ಟೋಬರ್ 14ಕ್ಕೆ ವರ್ಡ್, ಎಕ್ಸೆಲ್ ಎಲ್ಲ ಸೇರಿದ ಸಾಫ್ಟ್‌ವೇರ್ ಆಫೀಸಿನ 2016 ಮತ್ತು 2019 ಆವೃತ್ತಿ ಎರಡಕ್ಕೂ ಮೈಕ್ರೋಸಾಫ್ಟ್ ಬೆಂಬಲ ಮುಗಿಯುವುದಿತ್ತು. ಆಮೇಲೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ. ಆಡಿಟ್‌ನವರು ಇದನ್ನು ಒಂದು ವರ್ಷ ಮೊದಲೇ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದರು. ಹಾಗಾಗಿ ಎಲ್ಲ ಯಂತ್ರಕ್ಕೂ ಆಫೀಸ್ ಎಲ್‌ಟಿಎಸ್‌ಸಿ 2024 ಹಾಕಬೇಕಾಯಿತು. ಎಲ್‌ಟಿಎಸ್‌ಸಿ ಅಂದರೆ ಸಂಸ್ಥೆಗಳು ಒಮ್ಮೆ ಕೊಂಡು ಬಳಸುವ ಆವೃತ್ತಿ, ಇದಕ್ಕೆ 2029ರ ಅಕ್ಟೋಬರ್‌ವರೆಗೆ ಬೆಂಬಲ ಇದೆ. ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿಕೊಂಡು ಕೂತರೆ ಕ್ಯಾಲೆಂಡರ್ ಮುಗಿದು ಹೋಗುತ್ತಿತ್ತು. ನೆಟ್‌ವರ್ಕಿನಿಂದಲೇ ಹಂಚಿದೆ. ನಿಮ್ಮಲ್ಲೂ ಎಲ್ಲ ಕಂಪ್ಯೂಟರನ್ನೂ ಒಂದೇ ಕಡೆಯಿಂದ ನಡೆಸುವ ಡೊಮೇನ್ ಸರ್ವರ್ ಇದ್ದು, 20–30ಕ್ಕಿಂತ ಜಾಸ್ತಿ ಕಂಪ್ಯೂಟರ್ ಇದ್ದರೆ ಈ ದಾರಿ ಹಿಡಿಯಬಹುದು. ನಾನು ಎಡವಿದ ಜಾಗಗಳನ್ನೂ ಹೇಳುತ್ತೇನೆ. ಅವೇ ಜಾಸ್ತಿ ಇವೆ.

ಒಲೆ ಬೇರೆ ಹೂಡಿದ ಆಫೀಸ್

ಹಿಂದೆ ಆಫೀಸ್ ಹಾಕಿದರೆ ಅದು ತನ್ನ ಫೈಲುಗಳನ್ನು ವಿಂಡೋಸಿನ ಮೂಲೆಮೂಲೆಗೆ ಹರಡುತ್ತಿತ್ತು. ಅದು ಎಂಎಸ್‌ಐ ಎಂಬ ಹಳೇ ಇನ್‌ಸ್ಟಾಲರಿನ ಕಾಲ. ಆಫೀಸ್ 2019ರಿಂದ ಈಚೆಗೆ ಎಂಎಸ್‌ಐ ರೂಪ ಇಲ್ಲವೇ ಇಲ್ಲ, ಬರುವುದು ಕ್ಲಿಕ್-ಟು-ರನ್ ಎಂಬ ಹೊಸ ರೂಪ ಮಾತ್ರ. ಇದರ ಬೇರು ಇರುವುದು ಆಪ್-ವಿ ಎಂಬ ವರ್ಚುವಲೈಸೇಶನ್ ತಂತ್ರದಲ್ಲಿ. ಕೂಡು ಕುಟುಂಬದ ಮನೆಯಲ್ಲೇ ಇದ್ದುಕೊಂಡು ಒಲೆ ಬೇರೆ ಹೂಡಿದ ಹಾಗೆ ಅಂದುಕೊಳ್ಳಿ. ಪ್ರೋಗ್ರಾಂ ಫೈಲ್ಸ್ ಒಳಗಿನ ಮೈಕ್ರೋಸಾಫ್ಟ್ ಆಫೀಸ್ ಫೋಲ್ಡರಿನಲ್ಲಿ ‘ರೂಟ್’ ಅಂತ ಒಂದು ಫೋಲ್ಡರ್, ಅದರೊಳಗೆ ‘ವಿಎಫ್‌ಎಸ್’ ಅಂತ ಇನ್ನೊಂದು. ಆಫೀಸಿನ ಪಾಲಿಗೆ ಅದೇ ಸಿಸ್ಟಂ ಫೋಲ್ಡರ್. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲೂ ಅದಕ್ಕೆ ಬೇರೆ ಕೋಣೆ ಇದೆ.

ಒಳ್ಳೆಯದೇ. ಹಾಕುವುದು, ತೆಗೆಯುವುದು, ರಿಪೇರಿ ಮಾಡುವುದು ಎಲ್ಲ ಸುಲಭ. ಆದರೆ ಆಫೀಸಿಗೆ ಅಂಟಿಕೊಂಡು ಕೆಲಸ ಮಾಡುವ ಹಳೇ ಆಡ್-ಇನ್‌ಗಳು, ಹೊರಗಿನ ಸಾಫ್ಟ್‌ವೇರ್‌ಗಳು ಆಫೀಸನ್ನು ಹಳೇ ವಿಳಾಸದಲ್ಲಿ ಹುಡುಕುತ್ತವೆ. ಸಿಗದೇ ಇದ್ದಾಗ ‘ಆಫೀಸ್ ಇಲ್ಲ’ ಅಂತ ರಂಪ ಮಾಡುತ್ತವೆ. ಕಾರಣ ಗೊತ್ತಿದ್ದರೆ ನೀವು ಗಾಬರಿ ಬೀಳುವುದಿಲ್ಲ.

ಪೂರ್ತಿ ಆಪ್-ವಿಯನ್ನೇ ಬಳಸಬಾರದೇ ಅಂತ ಒಬ್ಬರು ಕೇಳಿದರು. ಅದರ ಕ್ಲೈಂಟ್ ಬರುವುದು ವಿಂಡೋಸ್ ಎಂಟರ್‌ಪ್ರೈಸ್, ಎಜುಕೇಶನ್ ಆವೃತ್ತಿಗಳಲ್ಲಿ. ನಮ್ಮವೆಲ್ಲ ಪ್ರೊ. ಅಲ್ಲಿಗೆ ಆ ಮಾತು ಮುಗಿಯಿತು.

ಮೊದಲು ಎಣಿಸಿ

ಆಫೀಸ್ ಹಾಕಲು ನನಗೆ ಮೂರು ದಿನ ಹಿಡಿಯಿತು. ಎಣಿಸಲು ಮೂರು ವಾರ. ಈ ಲೆಕ್ಕ ತಲೆಕೆಳಗಾದರೆ ಕೆಲಸವೂ ತಲೆಕೆಳಗಾಗುತ್ತದೆ.

ಒಂದು ಸಣ್ಣ ಪವರ್‌ಶೆಲ್ ಸ್ಕ್ರಿಪ್ಟ್ ಬರೆದು ಪ್ರತಿ ಯಂತ್ರದಲ್ಲೂ ಓಡಿಸಿದೆ. ಯಂತ್ರದ ಹೆಸರು, ಯಾವ ಆಫೀಸ್, 32 ಬಿಟ್ಟೋ 64 ಬಿಟ್ಟೋ, ಯಾವ ಆಡ್-ಇನ್, ಡಿಸ್ಕಿನಲ್ಲಿ ಎಷ್ಟು ಜಾಗ, ಇಷ್ಟನ್ನು ಸರ್ವರಿನ ಒಂದು ಫೋಲ್ಡರಿಗೆ ಬರೆಸಿದೆ. ಕ್ಲಿಕ್-ಟು-ರನ್ ಆಫೀಸ್ ಇರುವ ಯಂತ್ರದಲ್ಲಿ ರಿಜಿಸ್ಟ್ರಿಯ ‘ಕ್ಲಿಕ್‌ಟುರನ್’ ಕೆಳಗಿನ ‘ಕಾನ್ಫಿಗರೇಶನ್’ ಕೀ ನೋಡಿದರೆ ಉತ್ಪನ್ನದ ಹೆಸರು, ಆವೃತ್ತಿ, ಬಿಟ್ ಎಲ್ಲ ಒಂದೇ ಕಡೆ ಸಿಗುತ್ತದೆ.

ಬಂದ ಪಟ್ಟಿ ನೋಡಿ ನಗು ಬಂತು. ನಾವು ‘ಎಲ್ಲಾ ಕಡೆ 2016’ ಅಂತ ಆಡಿಟ್‌ಗೆ ಬರೆದುಕೊಟ್ಟಿದ್ದೆವು. ಇದ್ದದ್ದು ಐದು ಥರ. 2010, 2013, 2016ರ ಎಂಎಸ್‌ಐ, 2019ರ ಕ್ಲಿಕ್-ಟು-ರನ್, ಜೊತೆಗೆ ಹೊಸ ಲ್ಯಾಪ್‌ಟಾಪುಗಳಲ್ಲಿ ಅಂಗಡಿಯಿಂದಲೇ ಬಂದ ಮನೆಬಳಕೆಯ ಆಫೀಸ್.

ಆದರೆ ಸ್ಕ್ರಿಪ್ಟಿಗೆ ಕಾಣುವುದು ಸಾಫ್ಟ್‌ವೇರ್ ಮಾತ್ರ, ಕೆಲಸ ಕಾಣುವುದಿಲ್ಲ. ಅದಕ್ಕೆ ಎದ್ದು ಹೋಗಿ ಕೇಳಬೇಕು. ರಿಸೆಪ್ಶನ್ನಿನ ತಂಗಿ ಮಹಾಸಭೆಯ ಆಹ್ವಾನ ಪತ್ರವನ್ನು ಪ್ರತಿ ವರ್ಷ ಪಬ್ಲಿಷರ್‌ನಲ್ಲಿ ಮಾಡುತ್ತಿದ್ದಳು ಅಂತ ನನಗೆ ಗೊತ್ತಾದದ್ದು ಅವಳ ಟೇಬಲ್ ಹತ್ತಿರ ಕಾಫಿ ಕುಡಿಯುವಾಗ. ಎಲ್‌ಟಿಎಸ್‌ಸಿ 2024ರಲ್ಲಿ ಪಬ್ಲಿಷರ್ ಇಲ್ಲ. ಹಳೇದನ್ನು ತೆಗೆದುಹಾಕಿದ ಮೇಲೆ ಆ ಫೈಲುಗಳು ತೆರೆಯುತ್ತಲೇ ಇರಲಿಲ್ಲ. ಎಲ್ಲವನ್ನೂ ಮೊದಲೇ ಪಿಡಿಎಫ್ ಮಾಡಿಟ್ಟು, ಒಂದು ಮಾದರಿಯನ್ನು ವರ್ಡ್‌ನಲ್ಲಿ ಹೊಸದಾಗಿ ಕಟ್ಟಿದೆವು.

ಬಡ್ಡಿ ಲೆಕ್ಕದ ಎಕ್ಸೆಲ್ ಇನ್ನೊಂದು. ಯಾವಾಗಲೋ ಕೆಲಸ ಬಿಟ್ಟು ಹೋದವರೊಬ್ಬರು ಬರೆದ ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗಿನ ಪುಟ್ಟ ಪ್ರೋಗ್ರಾಂ ಅದು. ವಿಂಡೋಸಿನ ಒಳಗಿನ ಫಂಕ್ಷನ್‌ಗಳನ್ನು ನೇರ ಕರೆಯುವ ‘ಡಿಕ್ಲೇರ್’ ಸಾಲುಗಳು ಅದರಲ್ಲಿದ್ದವು. 64 ಬಿಟ್ ಆಫೀಸಿನಲ್ಲಿ ಆ ಸಾಲುಗಳಿಗೆ ‘ಪಿಟಿಆರ್‌ಸೇಫ್’ ಅಂತ ಸೇರಿಸದಿದ್ದರೆ ಮ್ಯಾಕ್ರೋ ಕಂಪೈಲ್ ಆಗುವುದೇ ಇಲ್ಲ. ಮೂರು ಸಾಲು ತಿದ್ದಿದೆ, ಸರಿಹೋಯಿತು. ಆದರೆ ಲೆಕ್ಕಪತ್ರ ವಿಭಾಗದ ನಾಲ್ಕು ಯಂತ್ರದಲ್ಲಿದ್ದ ಒಂದು ಆಡ್-ಇನ್ 32 ಬಿಟ್ಟಿನದು, ಮೂಲ ಕೋಡ್ ನಮ್ಮ ಹತ್ತಿರ ಇಲ್ಲ. ಒಂದೇ ಯಂತ್ರದಲ್ಲಿ 32 ಮತ್ತು 64 ಬಿಟ್ ಆಫೀಸ್ ಜೊತೆಗಿರುವುದಿಲ್ಲ. ಹಾಗಾಗಿ ಆ ನಾಲ್ಕಕ್ಕೆ 32, ಮಿಕ್ಕಿದ್ದಕ್ಕೆ 64 ಅಂತ ತೀರ್ಮಾನ ಮಾಡಿದೆ.

ಅಚ್ಚು ಮಾಡಿಕೊಳ್ಳುವುದು

ಆಲೆಮನೆಯಲ್ಲಿ ಬೆಲ್ಲದ ಅಚ್ಚು ನೋಡಿದ್ದೀರಲ್ಲ. ಅಚ್ಚಿನಲ್ಲಿ ಸೀಳಿದ್ದರೆ ಎಲ್ಲ ಅಚ್ಚುಬೆಲ್ಲದ ಮೈಮೇಲೂ ಅದೇ ಗೀರು. ಇಲ್ಲಿ ಅಚ್ಚು ಅಂದರೆ ಏನು ಹಾಕಬೇಕು, ಹೇಗೆ ಹಾಕಬೇಕು ಅಂತ ಬರೆದಿಡುವ ಒಂದು ಎಕ್ಸ್‌ಎಂಎಲ್ ಫೈಲು. ಮೈಕ್ರೋಸಾಫ್ಟಿನ ಆಫೀಸ್ ಡಿಪ್ಲಾಯ್‌ಮೆಂಟ್ ಟೂಲ್ ಪುಕ್ಕಟೆ ಸಿಗುತ್ತದೆ. ಅದನ್ನು ಬಿಚ್ಚಿದರೆ ‘ಸೆಟಪ್’ ಅನ್ನುವ ಪುಟ್ಟ ಪ್ರೋಗ್ರಾಂ ಬರುತ್ತದೆ. ಅದಕ್ಕೆ ಎರಡು ಮುಖ್ಯ ಆಜ್ಞೆ. ‘ಡೌನ್‌ಲೋಡ್’ ಅಂದರೆ ಆಫೀಸನ್ನು ನಿಮ್ಮ ಸರ್ವರಿಗೆ ಇಳಿಸುತ್ತದೆ, ‘ಕಾನ್ಫಿಗರ್’ ಅಂದರೆ ಆ ಯಂತ್ರದಲ್ಲಿ ಹಾಕುತ್ತದೆ. ಎರಡಕ್ಕೂ ಮುಂದೆ ಆ ಎಕ್ಸ್‌ಎಂಎಲ್ ಫೈಲಿನ ಹೆಸರು ಕೊಡಬೇಕು. ಎಕ್ಸ್‌ಎಂಎಲ್ ಕೈಯಲ್ಲಿ ಬರೆಯಬೇಡಿ. ಮೈಕ್ರೋಸಾಫ್ಟಿನ ಆಫೀಸ್ ಕಸ್ಟಮೈಸೇಶನ್ ಟೂಲ್‌ನಲ್ಲಿ ಟಿಕ್ ಮಾಡುತ್ತಾ ಹೋದರೆ ಅದೇ ಬರೆದುಕೊಡುತ್ತದೆ. ಒಂದು ಕೊಟೇಶನ್ ಗುರುತು ಬಿಟ್ಟು ಹೋಗಿ ಒಂದು ಸಂಜೆ ಪೂರ್ತಿ ಕಳೆದುಕೊಂಡವಳು ಹೇಳುತ್ತಿರುವುದು.

ಚಾನೆಲ್ (ಅಪ್‌ಡೇಟ್ ಬರುವ ಸಾಲು) ಮತ್ತು ಉತ್ಪನ್ನದ ಹೆಸರು ಒಂದಕ್ಕೊಂದು ಹೊಂದಬೇಕು. ಎಲ್‌ಟಿಎಸ್‌ಸಿ 2024ಕ್ಕೆ ‘ಪರ್ಪೆಚುಯಲ್ ವಿಎಲ್ 2024’ ಚಾನೆಲ್. ತೋರಿಕೆಯ ಮಟ್ಟ ‘ನನ್’ ಇಡಿ, ಲೈಸೆನ್ಸ್ ಒಪ್ಪಿಗೆ ‘ಟ್ರೂ’ ಇಡಿ, ಇಲ್ಲದಿದ್ದರೆ ಯಾರೂ ಇಲ್ಲದ ಹೊತ್ತಲ್ಲಿ ಪರದೆ ಮೇಲೆ ಒಂದು ಪ್ರಶ್ನೆ ಕೂತು ಕಾಯುತ್ತದೆ. ಬೇಡದ ಆಪ್‌ಗಳನ್ನು ಬಿಟ್ಟುಬಿಡಿ. ನಾವು ಔಟ್‌ಲುಕ್ ಬಿಟ್ಟೆವು, ನಮ್ಮದು ಬ್ರೌಸರ್ ಮೇಲ್.

ಹಳೇದನ್ನು ತೆಗೆಯುವ ‘ರಿಮೂವ್ ಎಂಎಸ್‌ಐ’ ಸಾಲು ಬಹಳ ಉಪಕಾರಿ. 2010, 2013, 2016ರ ಎಂಎಸ್‌ಐ ಆಫೀಸನ್ನು ಅದೇ ಗುಡಿಸಿ ಹಾಕುತ್ತದೆ. ಒಂದು ಎಚ್ಚರ. ಅದು ವಿಸಿಯೋ, ಪ್ರಾಜೆಕ್ಟ್‌ಗಳನ್ನೂ ಗುಡಿಸುತ್ತದೆ. ಅವು ಉಳಿಯಬೇಕಿದ್ದರೆ ‘ಇಗ್ನೋರ್ ಪ್ರಾಡಕ್ಟ್’ ಅಂತ ಹೆಸರು ಹೇಳಿ ಬಿಡಿಸಬೇಕು. ಇನ್ನೊಂದು, ಹೆಸರೇ ಹೇಳುವಂತೆ ಅದು ಎಂಎಸ್‌ಐ ಮಾತ್ರ ತೆಗೆಯುತ್ತದೆ. ಲ್ಯಾಪ್‌ಟಾಪಿನ ಜೊತೆ ಬಂದ ಆಫೀಸು, 2019 ಇವು ಕ್ಲಿಕ್-ಟು-ರನ್. ಅವುಗಳಿಗೆ ಬೇರೆ ‘ರಿಮೂವ್’ ಸಾಲು ಬೇಕು. ನಾನು ಇದನ್ನು ಎರಡು ಹಂತ ಮಾಡಿದೆ. ಮೊದಲ ದಿನ ತೆಗೆಯುವ ಫೈಲ್, ಮಾರನೇ ದಿನ ಹಾಕುವ ಫೈಲ್.

ಭಾಷೆಯ ಸಾಲಿನಲ್ಲಿ ನಾನು ಕನ್ನಡಾಭಿಮಾನ ತೋರಿಸಲು ಹೋಗಿ ಏಟು ತಿಂದೆ. ಕನ್ನಡವನ್ನು ಮೊದಲು ಬರೆದು ಇಂಗ್ಲಿಷನ್ನು ಕೆಳಗೆ ಇಟ್ಟೆ. ಆಫೀಸಿನ ಲೆಕ್ಕದಲ್ಲಿ ಕನ್ನಡ ‘ಭಾಗಶಃ’ ಭಾಷೆ. ಮೊದಲ ಭಾಷೆ ಪೂರ್ಣ ಭಾಷೆಯೇ ಆಗಿರಬೇಕು. ಇಂಗ್ಲಿಷ್ ಮೇಲೆ, ಕನ್ನಡ ಕೆಳಗೆ ಅಂತ ತಿದ್ದಿದೆ. ಬೇಜಾರಾಯಿತು, ಆದರೆ ಮೆನು ಕನ್ನಡದಲ್ಲಿ ಬಂತು. ಕೇಳಿದ ಮೂವರಿಗೆ ಮಾತ್ರ ಹಾಕಿಕೊಟ್ಟೆ.

ಸೋರ್ಸ್ ಎಲ್ಲಿದೆ ಎಂಬ ಸಾಲನ್ನು ಬರೆಯಲೇಬೇಡಿ. ಬರೆಯದಿದ್ದರೆ ಸೆಟಪ್ ತಾನು ಕೂತಿರುವ ಫೋಲ್ಡರಿನಲ್ಲೇ ಮೊದಲು ಹುಡುಕುತ್ತದೆ, ಸಿಗದಿದ್ದರೆ ಇಂಟರ್ನೆಟ್ಟಿಗೆ ಹೋಗುತ್ತದೆ. ಇದರಿಂದ ಒಂದೇ ಫೈಲು ಎಲ್ಲ ಶಾಖೆಯಲ್ಲೂ ನಡೆಯುತ್ತದೆ. ಶಾಖೆಗಳ ಲೈನು ನಿಧಾನ, ಮೂರ್ನಾಲ್ಕು ಜಿಬಿಯನ್ನು ಅದರಲ್ಲಿ ಎಳೆಯುವುದು ಆಗದ ಮಾತು. ಫೋಲ್ಡರನ್ನು ಹಾರ್ಡ್ ಡಿಸ್ಕಿಗೆ ಹಾಕಿ ಟ್ರೈನಿ ಹುಡುಗನನ್ನು ಬಸ್ಸು ಹತ್ತಿಸಿದೆ. ಒಂದೊಂದು ಶಾಖೆಯಲ್ಲಿ ಒಂದು ಯಂತ್ರಕ್ಕೆ ಕಾಪಿ ಮಾಡಿ, ಶೇರ್ ಮಾಡಿ ಬಂದ. ಬರುವಾಗ ಮದ್ದೂರಿನಿಂದ ವಡೆ ತಂದಿದ್ದ.

ಸ್ಟಾರ್ಟಪ್ ಸ್ಕ್ರಿಪ್ಟಿನ ಮೂರು ಗುಂಡಿ

ಸರ್ವರಿನಿಂದ ಎಲ್ಲ ಯಂತ್ರಕ್ಕೂ ನಿಯಮ ಕಳಿಸುವ ಗ್ರೂಪ್ ಪಾಲಿಸಿಯಲ್ಲಿ, ಯಂತ್ರ ಆನ್ ಆಗುವಾಗ ಓಡುವ ಸ್ಟಾರ್ಟಪ್ ಸ್ಕ್ರಿಪ್ಟ್ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನನಗೂ ಅದೇ ಹೊಳೆಯಿತು. ಮೂರು ಕಡೆ ಬಿದ್ದೆ.

ಮೊದಲನೇದು ಅನುಮತಿ. ನಾನು ಲಾಗಿನ್ ಆಗಿ ಓಡಿಸಿದರೆ ಚೆನ್ನಾಗಿ ನಡೆಯುತ್ತಿತ್ತು. ಸ್ಕ್ರಿಪ್ಟ್ ತಾನಾಗೇ ಓಡಿದರೆ ಏನೂ ಇಲ್ಲ. ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವುದು ಯಾವ ಮನುಷ್ಯನ ಹೆಸರಿನಲ್ಲೂ ಅಲ್ಲ, ಸಿಸ್ಟಂ ಖಾತೆಯಲ್ಲಿ. ನೆಟ್‌ವರ್ಕಿನಲ್ಲಿ ಅದು ಆ ಕಂಪ್ಯೂಟರಿನ ಹೆಸರಲ್ಲೇ ಬಾಗಿಲು ತಟ್ಟುತ್ತದೆ. ಶೇರ್ ಫೋಲ್ಡರಿಗೆ ‘ಡೊಮೇನ್ ಕಂಪ್ಯೂಟರ್ಸ್’ ಗುಂಪಿಗೆ ಓದುವ ಅನುಮತಿ ಕೊಡಿ. ಶೇರ್ ಅನುಮತಿ, ಫೋಲ್ಡರ್ ಅನುಮತಿ ಎರಡರಲ್ಲೂ.

ಎರಡನೇದು ಫಾಸ್ಟ್ ಸ್ಟಾರ್ಟಪ್. ಪಾಂಡವಪುರದ ಮ್ಯಾನೇಜರ್ ಫೋನಿನಲ್ಲಿ, ‘ಮೇಡಂ, ದಿನಾ ಆಫ್ ಮಾಡ್ತೀವಿ, ದಿನಾ ಆನ್ ಮಾಡ್ತೀವಿ, ನಿಮ್ಮ ಆಫೀಸ್ ಮಾತ್ರ ಬಂದಿಲ್ಲ’ ಅಂದರು. ಅವರು ಹೇಳಿದ್ದು ನಿಜ. ಫಾಸ್ಟ್ ಸ್ಟಾರ್ಟಪ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಕರ್ನಲ್ ಸ್ಥಿತಿಯನ್ನು ಡಿಸ್ಕಿಗೆ ಬರೆದು ಕಣ್ಣು ಮುಚ್ಚುತ್ತದೆ. ಬೆಳಗ್ಗೆ ಆನ್ ಮಾಡಿದಾಗ ಅದು ಹೊಸ ಬೂಟ್ ಅಲ್ಲ, ಸ್ಟಾರ್ಟಪ್ ಸ್ಕ್ರಿಪ್ಟ್ ಓಡುವುದಿಲ್ಲ. ರೀಸ್ಟಾರ್ಟ್ ಮಾಡಿದರೆ ಓಡುತ್ತದೆ. ‘ಆಫ್ ಮಾಡಿ ಆನ್ ಮಾಡಿ’ ಅಂತ ಇಪ್ಪತ್ತು ವರ್ಷದಿಂದ ಜನರಿಗೆ ಹೇಳಿಕೊಟ್ಟವರು ನಾವೇ ಅಲ್ವಾ.

ಮೂರನೇದು ಸಮಯ. ಗ್ರೂಪ್ ಪಾಲಿಸಿ ಸ್ಕ್ರಿಪ್ಟಿಗೆ ತಾನಾಗಿ ಸಿಗುವ ಅವಧಿ 600 ಸೆಕೆಂಡ್. ಹಳೇ ಹಾರ್ಡ್ ಡಿಸ್ಕಿನ ಯಂತ್ರದಲ್ಲಿ ಹಳೇ ಆಫೀಸ್ ತೆಗೆದು ಹೊಸದು ಹಾಕಲು ಹತ್ತು ನಿಮಿಷ ಎಲ್ಲಿ ಸಾಕು?

ಕೊನೆಗೆ ಸ್ಟಾರ್ಟಪ್ ಸ್ಕ್ರಿಪ್ಟನ್ನೇ ಕೈಬಿಟ್ಟೆ. ಗ್ರೂಪ್ ಪಾಲಿಸಿ ಪ್ರಿಫರೆನ್ಸಸ್‌ನಲ್ಲಿ ಸಿಸ್ಟಂ ಖಾತೆಯ ಶೆಡ್ಯೂಲ್ಡ್ ಟಾಸ್ಕ್ ಹಂಚಿದೆ, ಸಂಜೆ 6ಕ್ಕೆ. ಟಾಸ್ಕ್ ಮೊದಲು ರಿಜಿಸ್ಟ್ರಿ ನೋಡುತ್ತದೆ. 2024 ಆಗಲೇ ಇದ್ದರೆ ಸುಮ್ನೆ ಎದ್ದು ಹೋಗುತ್ತದೆ, ಇಲ್ಲದಿದ್ದರೆ ಸೆಟಪ್ ಓಡಿಸುತ್ತದೆ. ಆ ಪರೀಕ್ಷೆ ಇಲ್ಲದಿದ್ದರೆ ದಿನಾ ಸಂಜೆ ಎಲ್ಲರ ಯಂತ್ರವೂ ಮತ್ತೆ ಮತ್ತೆ ಸೆಟಪ್ ಓಡಿಸುತ್ತಿರುತ್ತದೆ. ತೆರೆದಿರುವ ವರ್ಡ್, ಎಕ್ಸೆಲ್ ಅನ್ನು ಬಲವಂತವಾಗಿ ಮುಚ್ಚುವ ಒಂದು ಆಯ್ಕೆ ಎಕ್ಸ್‌ಎಂಎಲ್‌ನಲ್ಲಿದೆ. ಅದನ್ನು ಹಾಕುವುದಾದರೆ ಸೇವ್ ಮಾಡದ ಫೈಲು ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಮೂರು ದಿನ ಮೊದಲು ಪ್ರತಿ ಟೇಬಲಿಗೂ ಒಂದು ಚೀಟಿ ಅಂಟಿಸಿದೆ. ಮೇಲ್ ಕಳಿಸಿದರೆ ಯಾರೂ ಓದುವುದಿಲ್ಲ.

ಐದು ಯಂತ್ರದ ಲೆಕ್ಕ

ಮೊದಲ ಪರೀಕ್ಷೆಗೆ ನಾಲ್ಕು ಯಂತ್ರ ಆರಿಸಿಕೊಂಡೆ. ಹಾಕಿತು, ತೆರೆಯಿತು, ಆಕ್ಟಿವೇಟ್ ಆಗಲಿಲ್ಲ. ನಮ್ಮದು ಕೆಎಂಎಸ್, ಅಂದರೆ ನಮ್ಮ ಸರ್ವರೇ ಲೈಸೆನ್ಸ್ ಖಾತ್ರಿ ಕೊಡುವ ಪದ್ಧತಿ. ಪೋರ್ಟ್ 1688 ತೆರೆದಿದೆ, ಹೆಸರು ಸಿಗುತ್ತಿದೆ, ಎಲ್ಲ ಸರಿ. ಆಮೇಲೆ ಹೊಳೆಯಿತು. ಆಫೀಸಿಗೆ ಕೆಎಂಎಸ್ ಕೆಲಸ ಶುರು ಮಾಡುವುದು ಕನಿಷ್ಠ 5 ಕಂಪ್ಯೂಟರ್ ಕೇಳಿದ ಮೇಲೇ. ವಿಂಡೋಸಿಗಾದರೆ 25.

ಐದನೆಯದನ್ನು ಸೇರಿಸಿದೆ. ಊಹೂಂ. ಲೆಕ್ಕ ಮೂರರಲ್ಲೇ ನಿಂತಿದೆ. ಇದರ ಬೇರು ಸಿಕ್ಕಿದ್ದು ಎರಡು ದಿನದ ಮೇಲೆ. ನಮಗೆ ಯಂತ್ರ ಪೂರೈಸಿದವರು ಒಂದು ಯಂತ್ರ ಸಿದ್ಧ ಮಾಡಿ, ಸಿಸ್‌ಪ್ರೆಪ್ (ಯಂತ್ರದ ಸ್ವಂತ ಗುರುತು ಅಳಿಸುವ ಹೆಜ್ಜೆ) ಮಾಡದೆ, ಅದರ ಡಿಸ್ಕನ್ನೇ ಮಿಕ್ಕಿದ್ದಕ್ಕೆಲ್ಲ ಕ್ಲೋನ್ ಮಾಡಿದ್ದರು. ಕೆಎಂಎಸ್ ಕಂಪ್ಯೂಟರುಗಳನ್ನು ಎಣಿಸುವುದು ಹೆಸರಿನಿಂದಲ್ಲ, ಸಿಎಂಐಡಿ ಎಂಬ ಗುರುತಿನಿಂದ. ಐದು ಯಂತ್ರಕ್ಕೆ ಒಂದೇ ಗುರುತು ಇದ್ದರೆ ಅದರ ಕಣ್ಣಿಗೆ ಒಂದೇ ಯಂತ್ರ. ಆಫೀಸಿನ ಜೊತೆ ಬರುವ ‘ಓಎಸ್‌ಪಿಪಿ’ ಸ್ಕ್ರಿಪ್ಟಿಗೆ ‘ಡಿಸಿಎಂಐಡಿ’ ಅಂತ ಹೇಳಿದರೆ ಗುರುತು ತೋರಿಸುತ್ತದೆ. ಎರಡು ಯಂತ್ರದಲ್ಲಿ ಒಂದೇ ಬಂದರೆ ಗುರುತನ್ನು ಹೊಸದು ಮಾಡುವ ‘ರೀಆರ್ಮ್’ ಆಜ್ಞೆ ಕೊಟ್ಟು ರೀಸ್ಟಾರ್ಟ್ ಮಾಡಿ. ಕ್ಲೋನ್ ಮಾಡಿದ ಯಂತ್ರಗಳೆಂಬ ಅನುಮಾನ ಇದ್ದರೆ ಈ ಪರೀಕ್ಷೆ ಮೊದಲೇ ಮಾಡಿಕೊಳ್ಳಿ.

ಕೆಎಂಎಸ್ ಖಾತ್ರಿ 180 ದಿನದ್ದು, ಅಷ್ಟರೊಳಗೆ ಯಂತ್ರ ಸರ್ವರನ್ನು ಕಾಣಬೇಕು. ಊರೂರು ಅಲೆಯುವ ಎರಡು ಲ್ಯಾಪ್‌ಟಾಪಿಗೆ ಎಂಎಕೆ ಕೀ ಹಾಕಿದೆ, ಅದನ್ನು ಮೈಕ್ರೋಸಾಫ್ಟಿನಲ್ಲೇ ಒಂದು ಸಲ ಆಕ್ಟಿವೇಟ್ ಮಾಡಿದರೆ ಆಯಿತು.

ಕಾಗುಣಿತ ಕೆಟ್ಟಿದ್ದು

ಐದು ಯಂತ್ರ ಒಂದು ವಾರ ಸುಮ್ಮನಿದ್ದವು. ಎರಡನೇ ತಂಡದಲ್ಲಿ 12. ಆ ದಿನ ಬೆಳಗ್ಗೆ ಹತ್ತೂಕಾಲಿಗೆ ಟೈಪಿಂಗ್ ಅಕ್ಕ ನನ್ನ ಬಾಗಿಲಲ್ಲಿ ನಿಂತಿದ್ದರು. ‘ಏನ್ ಕಣವ್ವ, ನನ್ನ ಕಾಗುಣಿತನೆಲ್ಲ ಹಾಳ್ ಮಾಡ್ಬುಟ್ಟಲ್ಲ!’

ಅವರು ಇನ್ನೂ ನುಡಿಯ ಹಳೇ ಎನ್ಕೋಡಿಂಗಿನಲ್ಲಿ ಟೈಪ್ ಮಾಡುವವರು. ಅಲ್ಲಿ ಕನ್ನಡ ಅಕ್ಷರದ ವೇಷ ತೊಟ್ಟಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಹೊಸ ವರ್ಡ್‌ನ ಆಟೋಕರೆಕ್ಟ್ ಅದನ್ನು ಇಂಗ್ಲಿಷ್ ಅಂದುಕೊಂಡು ವಾಕ್ಯದ ಮೊದಲ ಅಕ್ಷರವನ್ನು ದೊಡ್ಡಕ್ಷರ ಮಾಡುತ್ತಿತ್ತು. ದೊಡ್ಡಕ್ಷರದ ಜಾಗದಲ್ಲಿ ಇರುವುದು ಬೇರೊಂದು ಕನ್ನಡ ಗುರುತು. ಅವರ ಹಳೇ ಯಂತ್ರದಲ್ಲಿ ಯಾರೋ ಯಾವತ್ತೋ ಆಟೋಕರೆಕ್ಟ್ ಆಫ್ ಮಾಡಿದ್ದರು, ಹೊಸದರಲ್ಲಿ ಅದು ಮತ್ತೆ ಹತ್ತಿಕೊಂಡಿತು. ವರ್ಡ್ ಆಯ್ಕೆಗಳಲ್ಲಿ ಪ್ರೂಫಿಂಗ್ ಕೆಳಗೆ ಹೋಗಿ ದೊಡ್ಡಕ್ಷರದ ಟಿಕ್‌ಗಳನ್ನು ತೆಗೆದೆ. ಆಮೇಲೆ ಆಫೀಸಿನ ಆಡಳಿತ ಟೆಂಪ್ಲೇಟುಗಳನ್ನು ಸರ್ವರಿಗೆ ಹಾಕಿ, ಟೈಪಿಂಗ್ ವಿಭಾಗದ ಎಲ್ಲರಿಗೂ ಗ್ರೂಪ್ ಪಾಲಿಸಿಯಿಂದಲೇ ಅದನ್ನು ಆಫ್ ಮಾಡಿದೆ. ಯೂನಿಕೋಡಿಗೆ ಬನ್ನಿ ಅಕ್ಕ ಅಂತ ಈ ಸಲವೂ ಹೇಳಿದೆ. ‘ರಿಟೈರ್ ಆಗೋಕೆ ಎರಡು ವರ್ಷ ಐತೆ, ಸುಮ್ಕಿರು’ ಅಂದರು.

ಯೂನಿಕೋಡ್ ಬಳಸುವವರಿಗೂ ಒಂದು ಕಾಟ ಇತ್ತು. ಹಳೇ ಪತ್ರಗಳೆಲ್ಲ ತುಂಗಾ ಫಾಂಟಿನಲ್ಲಿದ್ದವು. ಹೊಸ ವಿಂಡೋಸಿನಲ್ಲಿ ತುಂಗಾ ತಾನಾಗಿ ಇರುವುದಿಲ್ಲ, ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಫೀಚರಿನಲ್ಲಿದೆ. ಇಲ್ಲದಿದ್ದರೆ ವರ್ಡ್ ನಿರ್ಮಲಾ ಯುಐ ಹಾಕಿಕೊಳ್ಳುತ್ತದೆ. ಓದಲು ಬರುತ್ತದೆ, ಆದರೆ ಸಾಲುಗಳು ಜರುಗುತ್ತವೆ, ಒಂದು ಪುಟದ ನೋಟಿಸು ಒಂದೂಕಾಲು ಪುಟವಾಗುತ್ತದೆ, ಸಹಿ ಮಾತ್ರ ಮುಂದಿನ ಹಾಳೆಗೆ ಹೋಗುತ್ತದೆ. ಆಫೀಸಿನ ತಪ್ಪಲ್ಲ, ಬೈಗುಳ ಮಾತ್ರ ಆಫೀಸ್ ಹಾಕಿದವರಿಗೆ. ಆ ಫೀಚರನ್ನು ಪವರ್‌ಶೆಲ್‌ನಿಂದ ಹಂಚಬಹುದು. ನಿಮ್ಮಲ್ಲಿ ಅಪ್‌ಡೇಟ್‌ಗಳು ಸ್ವಂತ ಸರ್ವರಿನಿಂದ ಬರುತ್ತಿದ್ದರೆ ಅದು ಅಲ್ಲಿ ಸಿಗದೆ ಕೈ ಕೊಡುತ್ತದೆ. ಐಚ್ಛಿಕ ಭಾಗಗಳನ್ನು ನೇರ ವಿಂಡೋಸ್ ಅಪ್‌ಡೇಟಿನಿಂದ ತೆಗೆದುಕೊಳ್ಳಲು ಬಿಡುವ ಪಾಲಿಸಿಯನ್ನು ಮೊದಲು ಹಾಕಿ.

ಮ್ಯಾಕ್ರೋದ ಕೆಂಪು ಪಟ್ಟಿಯೂ ಆ ವಾರವೇ ಬಂತು. ಶ್ರೀರಂಗಪಟ್ಟಣದವರು ಬಡ್ಡಿ ಲೆಕ್ಕದ ಫೈಲನ್ನು ಸರ್ವರಿನ ಹೆಸರಿನಿಂದಲ್ಲ, ಐಪಿ ನಂಬರಿನಿಂದ ತೆರೆಯುತ್ತಿದ್ದರು. ಆಗ ವಿಂಡೋಸ್ ಅದನ್ನು ಇಂಟರ್ನೆಟ್ಟಿನ ಫೈಲ್ ಅಂತ ತಿಳಿಯುತ್ತದೆ, ಆಫೀಸ್ ಮ್ಯಾಕ್ರೋ ತಡೆಯುತ್ತದೆ. ಶಾರ್ಟ್‌ಕಟ್ ಬದಲಿಸಿ ಹೆಸರು ಹಾಕಿದೆ, ಆ ಒಂದು ಫೋಲ್ಡರನ್ನು ಟ್ರಸ್ಟೆಡ್ ಲೊಕೇಶನ್ ಮಾಡಿದೆ. ಮ್ಯಾಕ್ರೋಗಳನ್ನೆಲ್ಲ ಸಾರಾಸಗಟಾಗಿ ಓಡಲು ಬಿಡಿ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಆಯುಧ ಪೂಜೆಯ ಸಂಜೆ

ಉಳಿದ 45ನ್ನು ದಸರಾ ರಜೆಗೆ ಇಟ್ಟುಕೊಂಡೆ. ಅಕ್ಟೋಬರ್ 1 ಆಯುಧ ಪೂಜೆ, 2 ವಿಜಯದಶಮಿ. ಎಲ್ಲರೂ ಮೈಸೂರಿನ ಕಡೆ ಮುಖ ಮಾಡಿರುತ್ತಾರೆ, ಯಂತ್ರಗಳು ಖಾಲಿ. ಪೂಜೆ ಆದ ಮೇಲೆ ಯಾರೂ ಶಟ್‌ಡೌನ್ ಮಾಡಬೇಡಿ ಅಂತ ಚೀಟಿಯಲ್ಲೇ ಬರೆದಿದ್ದೆ.

ಏಳು ಗಂಟೆಗೆ ಮನೆಯಿಂದ ನೋಡಿದರೆ ಹೆಡ್ ಆಫೀಸಿನ ಒಂದು ಸಾಲು ಪೂರ್ತಿ ಮಾಯ. ಓಡಿ ಬಂದೆ. ರ‍್ಯಾಕಿಗೆ ಬಾಳೆಕಂದು ಕಟ್ಟಿ, ಸೀರಿಯಲ್ ಲೈಟ್ ಹಾಕಲು ನೆಟ್‌ವರ್ಕ್ ಸ್ವಿಚ್ಚಿನ ಪ್ಲಗ್ ಕಿತ್ತಿದ್ದರು. ಲೈಟು ಚೆನ್ನಾಗಿ ಮಿನುಗುತ್ತಿತ್ತು. ಪ್ಲಗ್ ಹಾಕಿದೆ. ಅರ್ಧಕ್ಕೆ ನಿಂತ ಯಂತ್ರಗಳಲ್ಲಿ ಮಾರನೇ ದಿನ ಟಾಸ್ಕ್ ತಾನೇ ಮತ್ತೆ ಓಡಿ ಹೆಚ್ಚಿನವು ಮುಗಿದವು. ಮೂರರಲ್ಲಿ ಲಾಗ್ ನೋಡಬೇಕಾಯಿತು. ಸಿಸ್ಟಂ ಖಾತೆಯಲ್ಲಿ ಓಡಿದ ಸೆಟಪ್ಪಿನ ಲಾಗು ನಿಮ್ಮ ಟೆಂಪ್ ಫೋಲ್ಡರಿನಲ್ಲಿ ಇರುವುದಿಲ್ಲ, ವಿಂಡೋಸ್ ಫೋಲ್ಡರಿನ ಒಳಗಿನ ಟೆಂಪ್‌ನಲ್ಲಿರುತ್ತದೆ. ಫೈಲಿನ ಹೆಸರು ಯಂತ್ರದ ಹೆಸರಿನಿಂದಲೇ ಶುರು. ಎರಡರಲ್ಲಿ ಡಿಸ್ಕ್ ತುಂಬಿತ್ತು, ಒಂದಕ್ಕೆ ಆನ್‌ಲೈನ್ ರಿಪೇರಿ ಸಾಕಾಯಿತು.

ಮುಂದಿನ ಅಪ್‌ಡೇಟುಗಳಿಗೂ ಆಗಲೇ ದಾರಿ ಮಾಡಿಡಿ. ಅಪ್‌ಡೇಟ್ ಪಾತ್ ಹೇಳದಿದ್ದರೆ ಪ್ರತಿ ಯಂತ್ರವೂ ತಾನೇ ಇಂಟರ್ನೆಟ್ಟಿಗೆ ಹೋಗುತ್ತದೆ. ಡೊಮೇನಿನಲ್ಲಿ ಶಾಖೆಗೊಂದು ಓಯು (ಯಂತ್ರಗಳ ಗುಂಪು) ಇದ್ದರೆ ಪಾಲಿಸಿಯಲ್ಲಿ ಆಯಾ ಶಾಖೆಯ ಶೇರ್ ಹೆಸರು ಕೊಡಿ. ತಿಂಗಳ ಎರಡನೇ ಮಂಗಳವಾರ ಆದ ಮೇಲೆ ನಾನು ಹೊಸ ಕಂತು ಇಳಿಸಿ, ಮೊದಲು ಆ ಐದು ಯಂತ್ರಕ್ಕೆ, ವಾರದ ಮೇಲೆ ಮಿಕ್ಕಿದ್ದಕ್ಕೆ ಬಿಡುತ್ತೇನೆ.

ಅಕ್ಟೋಬರ್ 13ಕ್ಕೆ ಪಟ್ಟಿಯಲ್ಲಿ 61 ಸಾಲು ಹಸಿರು. ಉಳಿದದ್ದು ಮಳವಳ್ಳಿಯ ಒಂದು ಯಂತ್ರ. ಅದರಲ್ಲಿ ಆಫೀಸ್ 2010 ಇದೆ, ಅದರ ಮೇಲೆ ಒಂದು ಆಕ್ಸೆಸ್ ಪ್ರೋಗ್ರಾಂ, ಅದರಲ್ಲಿ ಹಳೇ ಷೇರುದಾರರ ದಾಖಲೆ. ಅದರ ನೆಟ್‌ವರ್ಕ್ ಕೇಬಲ್ ಬಿಚ್ಚಿ ನಾನೇ ತಂದು ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.